ಸೌತಾಂಪ್ಟನ್ನಿನ ಹಳೆಯ ಬೋಲಿಂಗ್ ಗ್ರೀನ್: 1299 ಎಂದು ಬರೆಯಬಹುದೇ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಇಂಗ್ಲೆಂಡಿನ ಬಂದರು ಊರಾದ ಸೌತಾಂಪ್ಟನ್ನಿಗೆ ಬಂದು ನನಗೆ ಆರು ವರ್ಷಗಳಾದವು. ಇಲ್ಲಿನ ಬಂದರಿನ ಸಮೀಪ, ಗಾಡ್ಸ್ ಹೌಸ್ ಟವರ್ ಎಂಬ ಹಳೆಯ ಕಲ್ಲಿನ ಬುರುಜಿನಿಂದ ಕೂಗಳತೆಯ ದೂರದಲ್ಲಿ, ಲೋವರ್ ಕೆನಾಲ್ ವಾಕ್ ಎಂಬ ಬೀದಿಗೆ ತಾಗಿಕೊಂಡಂತೆ ಒಂದು ಹುಲ್ಲಿನ ಅಂಗಳವಿದೆ. ಹುಲ್ಲಿನ ಮೇಲೆ ಗುಂಡು ಉರುಳಿಸಿ ಗುರಿಯ ಹತ್ತಿರಕ್ಕೆ ಸೇರಿಸುವ ಲಾನ್ ಬೋಲ್ಸ್ ಎಂಬ ಆಟವನ್ನು ಆಡುವವರ ಕ್ಲಬ್ಬಿಗೆ ಸೇರಿದ ಈ ಅಂಗಳವು 1299ರಿಂದಲೂ ಬಳಕೆಯಲ್ಲಿದೆಯೆಂದೂ ಪ್ರಪಂಚದಲ್ಲಿ ಉಳಿದುಕೊಂಡಿರುವ ಬೋಲಿಂಗ್ ಗ್ರೀನ್‌ಗಳಲ್ಲಿ ಇದೇ ಅತ್ಯಂತ ಹಳೆಯದೆಂದೂ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ನಮ್ಮ ತಂದೆಯವರನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಬೇಲಿಯಾಚೆ ತಲೆ ನರೆತ ಹಿರಿಯರು ಒಬ್ಬೊಬ್ಬರಾಗಿ ಬಗ್ಗಿ ಗುಂಡು ಉರುಳಿಸುವುದನ್ನು ಬಹಳ ಹೊತ್ತು ನೋಡಿದ ಅವರು, "ಇವರೆಲ್ಲ ಈ ವಯಸ್ಸಿನಲ್ಲಿ ಗೋಲಿ ಆಡ್ತಿದಾರಲ್ಲೋ!" ಎಂದರು. ಅಂಗಳ 700 ವರ್ಷ ಹಳೆಯದೆಂದು ನಾನು ತಿಳಿಸಿದಾಗ, ಕಂದಾಯ ಇಲಾಖೆಯಲ್ಲಿ ಇಡೀ ಆಯುಷ್ಯ ಕಳೆದ ಅವರು ಕೇಳಿದ್ದು ಒಂದೇ ಮಾತು: "ಅದಕ್ಕೆ ದಾಖಲೆ ಏನಿದೆ?" ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಗೆ ಈ ಕ್ಲಬ್ಬಿನ ಬಗ್ಗೆ ಒಂದು ಪುಟ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೇನೆ. 1299 ಎಂಬ ಇಸವಿಯನ್ನು ನಿಸ್ಸಂಕೋಚವಾಗಿ ಬರೆಯಬಹುದೇ? ಗೆದ್ದವರಿಗೆ ಇಲ್ಲಿ ನೈಟ್ ಪದವಿ ಕೊಡುತ್ತಾರೆಂಬುದರ ಅರ್ಥವೇನು? ಇಂಗ್ಲೆಂಡಿನಲ್ಲಿ ಈ ಆಟಕ್ಕೆ ಶತಮಾನಗಳ ಕಾಲ ನಿಷೇಧವಿತ್ತೆಂದು ಓದಿದ್ದೇನೆ. ಹಾಗಿದ್ದರೆ ಈ ಅಂಗಳ ಉಳಿದುಕೊಂಡದ್ದು ಹೇಗೆ? ತಿಳಿದವರು ದಯವಿಟ್ಟು ತಿಳಿಸಬೇಕು.

ಹಳೆಕಡತ:

ನಿಮ್ಮ ತಂದೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನೆಲದ ವಯಸ್ಸು, ಆಟದ ವಯಸ್ಸು, ಕ್ಲಬ್ಬಿನ ವಯಸ್ಸು ಈ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿಬಿಟ್ಟಿರುವುದರಿಂದ ಗೊಂದಲವಾಗಿದೆ. ಅವನ್ನು ಬಿಡಿಸಿಕೊಳ್ಳದೆ ಉತ್ತರ ಸಿಗುವುದಿಲ್ಲ.

ಮೊದಲು ನೆಲದ ಮಾತು. ಬುರುಜಿಗೆ ಹೆಸರು ಕೊಟ್ಟ 'ಗಾಡ್ಸ್ ಹೌಸ್' ಎಂಬುದು 1196ರ ಸುಮಾರಿಗೆ ಜರ್ವೇಸ್ ಲ ರಿಷ್ ಎಂಬ ಸ್ಥಳೀಯ ಸಿರಿವಂತ ಸ್ಥಾಪಿಸಿದ ಸಂಸ್ಥೆ. ಇಂಗ್ಲಿಷ್ ಪುಸ್ತಕಗಳು ಅದನ್ನು ಹಾಸ್ಪಿಟಲ್ ಎಂದು ಕರೆದರೂ ನಿಮ್ಮ ಲೇಖನದಲ್ಲಿ ದಯವಿಟ್ಟು 'ಆಸ್ಪತ್ರೆ' ಎಂದು ಬರೆಯಬೇಡಿ. ಬಡವರಿಗೂ, ಹಡಗಿನಿಂದಿಳಿದು ವಿಂಚೆಸ್ಟರ್, ಕ್ಯಾಂಟರ್ಬರಿಗಳ ಕಡೆಗೆ ಹೊರಟ ಯಾತ್ರಿಕರಿಗೂ ಊಟ ಮತ್ತು ಆಶ್ರಯ ಕೊಡುತ್ತಿದ್ದ ಆ ಸಂಸ್ಥೆಗೆ ನಮ್ಮ 'ಧರ್ಮಛತ್ರ' ಎಂಬ ಪದವೇ ಹೆಚ್ಚು ಹತ್ತಿರವಾದದ್ದು. ಈ ಛತ್ರದ ಮುಖ್ಯಸ್ಥನಿಗೆ ಸೇರಿದ ಆವರಣಕ್ಕೆ 'ಮಾಸ್ಟರ್ಸ್ ಕ್ಲೋಸ್', ಅಂದರೆ ಯಜಮಾನರ ಹಿತ್ತಲು, ಎಂಬ ಹೆಸರಿತ್ತು. ಆತನ ವಿಹಾರಕ್ಕೆಂದು ಬಿಟ್ಟಿದ್ದ ಆ ಹುಲ್ಲಿನ ನೆಲವೇ ಇಂದಿನ ಗ್ರೀನ್ ಎಂಬುದು ಕ್ಲಬ್ಬಿನ ಪರಂಪರೆ. ನಂತರ 14ನೇ ಶತಮಾನದ ನಡುವೆ ಮೂರನೆಯ ಎಡ್ವರ್ಡ್ ದೊರೆಯು ಛತ್ರದ ಆಡಳಿತವನ್ನು ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿಗೆ ವಹಿಸಿಕೊಟ್ಟನು. ಛತ್ರದ ಸೇಂಟ್ ಜೂಲಿಯನ್ ಪ್ರಾರ್ಥನಾಮಂದಿರ ಇವತ್ತಿಗೂ ಅಲ್ಲೇ ಇದೆ. ಐದನೆಯ ಹೆನ್ರಿ 1415ರಲ್ಲಿ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ಮುನ್ನ ಅವನ ವಿರುದ್ಧ ಸಂಚು ಹೂಡಿ ತಲೆ ಕಳೆದುಕೊಂಡವರನ್ನು ಹೂಳಿದ್ದು ಅದೇ ಮಂದಿರದಲ್ಲಿ ಎಂದು ಹೇಳುತ್ತಾರೆ. ನೀವು ಗುರುತಿಗೆ ಹೇಳಿದ ಬುರುಜು ಮಾತ್ರ ಈಚಿನದು. 15ನೇ ಶತಮಾನದ ಆರಂಭದಲ್ಲಿ, ಫಿರಂಗಿಗಳನ್ನು ಇರಿಸುವ ಉದ್ದೇಶದಿಂದ ಕಟ್ಟಿದ್ದು. ಮುಂದೆ ಅದು ಸೆರೆಮನೆಯಾಯಿತು, ವಸ್ತುಸಂಗ್ರಹಾಲಯವಾಯಿತು, ಈಗ ಕಲಾಕೇಂದ್ರವಾಗಿದೆ. ಬೀದಿಯ ಹೆಸರಿನಲ್ಲಿರುವ 'ಕೆನಾಲ್' ಇನ್ನೂ ಈಚಿನದು: ಊರಗೋಡೆಯ ಹೊರಗಿನ ಹಳೆಯ ಕಂದಕದ ಜಾಡಿನಲ್ಲಿ 18ನೇ ಶತಮಾನದ ಕೊನೆಯಲ್ಲಿ ತೋಡಿ, ಹೆಚ್ಚು ಕಾಲ ನಡೆಸಲಾಗದೆ ಕೈಬಿಟ್ಟ ಕಾಲುವೆಯ ನೆನಪು ಅದು.

ಹೀಗಾಗಿ ನೆಲದ ಹಳಮೆಯಲ್ಲಿ ಅಸಂಭವವಾದದ್ದು ಏನೂ ಇಲ್ಲ. ಆದರೆ ಆ ನೆಲದ ಮೇಲೆ 1299ರಲ್ಲಿ ಆಡುತ್ತಿದ್ದದ್ದು ನೀವು ಬೇಲಿಯಾಚೆ ಕಂಡ ಆಟವೇ ಎಂಬುದು ಬೇರೆ ಪ್ರಶ್ನೆ. 12ನೇ ಶತಮಾನದ ಲಂಡನ್ನನ್ನು ವರ್ಣಿಸಿದ ವಿಲಿಯಂ ಫಿಟ್ಜ್‌ಸ್ಟೀಫನ್, ಯುವಕರು ರಜಾದಿನಗಳಲ್ಲಿ ಕಲ್ಲೆಸೆಯುವ ಆಟದಲ್ಲಿ ತೊಡಗುತ್ತಿದ್ದರೆಂದು ಬರೆದಿದ್ದಾನೆ. ಅದೇ ಬೋಲ್ಸಿನ ಮೂಲವೆಂದು ಹಲವರು ಅರ್ಥೈಸಿದ್ದಾರೆ. 13ನೇ ಶತಮಾನದ ಒಂದು ಹಸ್ತಪ್ರತಿಯ ಚಿತ್ರದಲ್ಲಿ ಇಬ್ಬರು ಒಂದು ಚಿಕ್ಕ ಶಂಕುವಿನತ್ತ ಗುಂಡು ಗುರಿಯಿಡುತ್ತಿದ್ದಾರೆ. ಗುರಿಯ ಹತ್ತಿರಕ್ಕೆ ಗುಂಡು ಸೇರಿಸುವ ಆಟ ಆ ಕಾಲಕ್ಕೆ ಇತ್ತು ಎನ್ನಲು ಇಷ್ಟು ಸಾಕು. ನಿಯಮಬದ್ಧವಾದ ಲಾನ್ ಬೋಲ್ಸ್ ಇತ್ತು ಎನ್ನಲು ಸಾಲದು. ಜೊತೆಗೆ, ಡರ್ಬಿಶೈರಿನ ಚೆಸ್ಟರ್‌ಫೀಲ್ಡ್ ಊರಿನ ಬೋಲ್ಸ್ ಕ್ಲಬ್ಬಿನವರು ತಮ್ಮದು 1294ರದೆಂದು ಹೇಳಿಕೊಳ್ಳುತ್ತಾರೆ. ಐದು ವರ್ಷಗಳ ಈ ಪೈಪೋಟಿಯಲ್ಲಿ ತೀರ್ಪು ಕೊಡುವ ಹೊಣೆಯನ್ನು ನಿಮ್ಮ ಸಂಚಿಕೆ ಹೊತ್ತುಕೊಳ್ಳಬೇಕಾಗಿಲ್ಲ.

ಓರೆಗುಂಡು:

ನಾನು ಬೇರೊಂದು ಊರಿನ ಕ್ಲಬ್ಬಿನಲ್ಲಿ ಹನ್ನೊಂದು ವರ್ಷಗಳಿಂದ ಆಡುತ್ತಿದ್ದೇನೆ. ಸೌತಾಂಪ್ಟನ್ನಿನ ಸ್ಪರ್ಧೆಯನ್ನು ಒಮ್ಮೆ ಪ್ರೇಕ್ಷಕನಾಗಿ ನೋಡಿದ್ದರಿಂದ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಈ ಕ್ಲಬ್ಬಿನ ನಿಜವಾದ ಆಸ್ತಿ 1299 ಅಲ್ಲ, 1776. ಆ ವರ್ಷದ ಆಗಸ್ಟ್ 1ರಂದು ಆರಂಭವಾದ ನೈಟ್‌ಹುಡ್ ಸ್ಪರ್ಧೆ ಇಂದಿಗೂ ಪ್ರತಿ ಆಗಸ್ಟ್ ತಿಂಗಳಿನಲ್ಲಿ ನಡೆಯುತ್ತದೆ. ಗೆದ್ದವರನ್ನು 'ನೈಟ್ ಆಫ್ ದ ಗ್ರೀನ್' ಎಂದು ಘೋಷಿಸಿ, ಪದಕ ತೊಡಿಸಿ, ಅಂದಿನಿಂದ ಕ್ಲಬ್ಬಿನೊಳಗೆ 'ಸರ್' ಎಂದೇ ಸಂಬೋಧಿಸುತ್ತಾರೆ. ರಾಜನು ಕತ್ತಿ ತಾಗಿಸಿ ಕೊಡುವ ಪದವಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಮೇಷ್ಟರಿಗೂ ಬ್ಯಾಂಕಿನ ಗುಮಾಸ್ತರಿಗೂ ಕೇಳದೆಯೇ ದೊರೆಯುವ 'ಸರ್' ಇಲ್ಲಿ ಜೀವಮಾನದಲ್ಲಿ ಒಂದೇ ಸಲ ಗೆದ್ದು ಪಡೆಯಬೇಕಾದದ್ದು. ಒಮ್ಮೆ ನೈಟ್ ಆದವರು ಮತ್ತೆ ಸ್ಪರ್ಧಿಸುವಂತಿಲ್ಲ; ಇನ್ನೂ ಗೆಲ್ಲದ ಸದಸ್ಯರಿಗೆ 'ಜಂಟಲ್‌ಮನ್ ಕಾಮನರ್' ಎಂಬ ಹೆಸರು.

ಆಟದ ಕ್ರಮವೂ ವಿಶಿಷ್ಟವಾದದ್ದು. ಉದ್ದಬಾಲದ ಕೋಟು, ಎತ್ತರದ ಟೋಪಿ ಧರಿಸಿದ ಹಿಂದಿನ ನೈಟ್‌ಗಳೇ ತೀರ್ಪುಗಾರರು. ಅವರು ಅಂಗಳದಲ್ಲಿ ತಮಗೆ ಸರಿಕಂಡ ಜಾಗದಲ್ಲಿ ಒಂದು ಪೆನ್ನಿ ನಾಣ್ಯವನ್ನಿಟ್ಟು ಅದರ ಮೇಲೆ ಜ್ಯಾಕ್ ಎಂಬ ಚಿಕ್ಕ ಬಿಳಿ ಗುಂಡನ್ನು ನಿಲ್ಲಿಸುತ್ತಾರೆ. ಜ್ಯಾಕ್ ಅಲುಗಿದರೆ ಅದರ ಮೊದಲ ಸ್ಥಾನವನ್ನು ನಾಣ್ಯ ಕಾಯುತ್ತದೆ. ಪ್ರತಿಯೊಬ್ಬ ಸ್ಪರ್ಧಿಗೂ ಎರಡೆರಡು ಗುಂಡು. ಉರುಳಿಸಿದ ಗುಂಡು ಜ್ಯಾಕ್‌ನಿಂದ ಎಷ್ಟು ದೂರದಲ್ಲಿದೆಯೆಂದು ನೈಟ್‌ಗಳು ಅಳೆದು, ಅತಿ ಸಮೀಪ ನಿಂತದ್ದಕ್ಕೆ ಒಂದು ಅಂಕ ಕೊಡುತ್ತಾರೆ. ಮೊದಲು ಏಳು ಅಂಕ ಗಳಿಸಿದವರೇ ಆ ವರ್ಷದ ನೈಟ್. ಕೇಳುವುದಕ್ಕೆ ಸುಲಭವಾಗಿ ಕಂಡರೂ, ಹತ್ತಾರು ಜನ ಆಡುವಾಗ ಒಬ್ಬನಿಗೇ ಏಳು ಅಂಕ ಕೂಡಿಬರುವುದು ಸಾಮಾನ್ಯವಲ್ಲ. ಸ್ಪರ್ಧೆ ಒಂದೇ ದಿನದಲ್ಲಿ ಮುಗಿಯದೆ ಮರುದಿನಕ್ಕೆ ಮುಂದುವರಿಯುವುದೂ ಉಂಟು.

ತಮ್ಮ ತಂದೆಯವರಿಗೆ ಒಂದು ವಿಷಯವನ್ನು ವಿಶೇಷವಾಗಿ ತಿಳಿಸಿ: ಗೋಲಿ ನೇರವಾಗಿ ಹೋಗುತ್ತದೆ, ಬೋಲ್ ಹೋಗುವುದಿಲ್ಲ. ಅದು ಪೂರ್ತಿ ಗುಂಡಗಿಲ್ಲ. ಒಂದು ಮಗ್ಗುಲನ್ನು ಇನ್ನೊಂದಕ್ಕಿಂತ ಹೆಚ್ಚು ಚಪ್ಪಟೆಯಾಗಿ ಕಡೆದಿರುತ್ತಾರೆ. ವೇಗವಿರುವಷ್ಟು ಹೊತ್ತು ನೆಟ್ಟಗೆ ಹೋಗಿ, ನಿಧಾನವಾದಂತೆಲ್ಲ ಒಂದು ಕಡೆಗೆ ವಾಲುತ್ತ ಬಾಗಿದ ದಾರಿ ಹಿಡಿಯುತ್ತದೆ. ಹಿಂದೆ ಒಂದು ಮಗ್ಗುಲಿಗೆ ಸೀಸ ತುಂಬಿ ಈ ವಾಲನ್ನು ತರುತ್ತಿದ್ದದ್ದೂ ಉಂಟು. ಈಗಿನ ನಿಯಮದಂತೆ ಆಕಾರದಿಂದ ಮಾತ್ರ ತರಬೇಕು. ಜ್ಯಾಕ್‌ಗೆ ಸರಿಯಾಗಿ ಗುರಿಯಿಟ್ಟವನು ತಪ್ಪುತ್ತಾನೆ. ಎಷ್ಟು ಪಕ್ಕಕ್ಕೆ ಬಿಡಬೇಕೆಂದು ಬಲ್ಲವನು ಗೆಲ್ಲುತ್ತಾನೆ. ನನಗೆ ಇದು ಅರ್ಥವಾಗಲು ಮೊದಲ ಎರಡು ಬೇಸಿಗೆಗಳು ಹಿಡಿದವು. ಹಳಬರು ಗುಂಡನ್ನು ಇವತ್ತಿಗೂ 'ವುಡ್' ಎನ್ನುತ್ತಾರೆ. ಅಮೆರಿಕದ ಉಷ್ಣವಲಯದಿಂದ ಬರುತ್ತಿದ್ದ, ನೀರಿನಲ್ಲಿ ಮುಳುಗುವಷ್ಟು ಭಾರವಾದ ಲಿಗ್ನಮ್ ವೀಟೆ ಎಂಬ ಮರದಿಂದ ಅದನ್ನು ಮಾಡುತ್ತಿದ್ದ ಕಾಲದ ಹೆಸರು ಅದು.

ಕರಾವಳಿಗ:

ನಿಷೇಧದ ವಿಷಯಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಸೌತಾಂಪ್ಟನ್ನಿನ ಕಥೆಯಲ್ಲಿ ಇದೇ ಅತ್ಯಂತ ಸ್ವಾರಸ್ಯದ ಭಾಗ, ಮತ್ತು ಯಾರೂ ಗಮನ ಕೊಡದ ಭಾಗವೂ ಹೌದು.

ಜನರು ಆಟದಲ್ಲಿ ಮುಳುಗಿ ಬಿಲ್ಲುಗಾರಿಕೆಯ ಅಭ್ಯಾಸ ಬಿಟ್ಟುಬಿಟ್ಟರೆ ಯುದ್ಧಕ್ಕೆ ಬಿಲ್ಲಾಳುಗಳು ಸಿಗುವುದಿಲ್ಲವೆಂಬ ಆತಂಕದಿಂದ 14ನೇ ಶತಮಾನದ ಅರಸರೇ ಇಂಥ ಆಟಗಳನ್ನು ತಡೆಯಲು ಆಜ್ಞೆಗಳನ್ನು ಹೊರಡಿಸತೊಡಗಿದ್ದರು. ಎಲ್ಲಕ್ಕಿಂತ ವಿವರವಾದದ್ದು ಎಂಟನೆಯ ಹೆನ್ರಿಯ 1541ರ ಶಾಸನ. ಕುಶಲಕರ್ಮಿಗಳು, ರೈತರು, ಕೂಲಿಗಳು, ಕಸುಬು ಕಲಿಯುವ ಹುಡುಗರು, ಮನೆಯಾಳುಗಳು ಕ್ರಿಸ್‌ಮಸ್ ಕಾಲವೊಂದನ್ನು ಬಿಟ್ಟು ಬೇರೆ ಯಾವಾಗಲೂ ಬೋಲ್ಸ್ ಆಡಬಾರದು. ಆ ಕಾಲದಲ್ಲಾದರೂ ಯಜಮಾನನ ಮನೆಯಲ್ಲಿ ಅಥವಾ ಅವನ ಎದುರಿಗೇ ಆಡಬೇಕು. ತಪ್ಪಿದರೆ 20 ಷಿಲಿಂಗ್ ದಂಡ. ಈ ಪಟ್ಟಿಯಲ್ಲಿ ನಾವಿಕರನ್ನೂ ಬೆಸ್ತರನ್ನೂ ಹೆಸರಿಸಿಯೇ ಸೇರಿಸಿದ್ದರು. ಅಂದರೆ ಸೌತಾಂಪ್ಟನ್ನಿನಂತಹ ಬಂದರು ಊರಿನಲ್ಲಿ ಆ ಗ್ರೀನ್‌ಗೆ ತೀರ ಹತ್ತಿರದಲ್ಲಿ ವಾಸವಾಗಿದ್ದ, ಹಡಗಿಗಾಗಿ ಕಾಯುತ್ತ ಹೊತ್ತು ಕಳೆಯಬೇಕಾಗಿದ್ದ ಜನರಿಗೇ ಅಲ್ಲಿ ಆಡುವ ಹಕ್ಕು ಇರಲಿಲ್ಲ. ಉಳಿದವರೂ ತಮ್ಮ ಸ್ವಂತ ತೋಟ, ಹಿತ್ತಲುಗಳ ಹೊರಗೆ ಬಯಲಿನಲ್ಲಿ ಆಡುವಂತಿರಲಿಲ್ಲ. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಭೂಮಿ ಉಳ್ಳವನು ಮಾತ್ರ ತನ್ನ ಸ್ವಂತ ಅಂಗಳದಲ್ಲಿ ಆಡಲು ಇತರರಿಗೆ ಪರವಾನಗಿ ಕೊಡಬಹುದಾಗಿತ್ತು.

ಈ ಕಾನೂನಿಗೆ ಕಾರಣವಾಗಿ ಬಿಲ್ಲುಗಾರಿಕೆಯ ಹೆಸರು ಹೇಳುತ್ತಾರೆ. ಬಂದೂಕು, ಫಿರಂಗಿಗಳ ಕಾಲ ಬಂದು ಬಿಲ್ಲುಬಾಣಗಳು ಮೂಲೆ ಸೇರಿದ ಮೇಲೂ, ಸುಮಾರು 300 ವರ್ಷ ಕಾನೂನು ಪುಸ್ತಕದಲ್ಲಿ ಉಳಿದು 1845ರಲ್ಲಿ ರದ್ದಾಯಿತೆಂದರೆ, ಅದರ ನಿಜವಾದ ಉದ್ದೇಶ ಬಿಲ್ಲನ್ನು ಉಳಿಸುವುದಕ್ಕಿಂತ ಕೆಲಸಗಾರನನ್ನು ಕೆಲಸದಲ್ಲಿ ಉಳಿಸುವುದೇ ಆಗಿತ್ತೆಂದು ನಾನು ತಿಳಿದಿದ್ದೇನೆ. 'ಜಂಟಲ್‌ಮನ್ ಕಾಮನರ್' ಎಂಬ ಹೆಸರಿನಲ್ಲಿ ಆ 'ಜಂಟಲ್‌ಮನ್', ಅಂದರೆ ದುಡಿದು ಉಣ್ಣಬೇಕಿಲ್ಲದ ಕುಲೀನ, ಏಕೆ ಬಂತೆಂಬುದನ್ನೂ ಈ ಹಿನ್ನೆಲೆಯಲ್ಲಿ ಯೋಚಿಸಬಹುದು. 1776ರಲ್ಲಿ ನೈಟ್‌ಹುಡ್ ಸ್ಪರ್ಧೆ ಶುರುವಾದಾಗ ಆ ಶಾಸನ ಜಾರಿಯಲ್ಲೇ ಇತ್ತು.

ಒಂದು ಎಚ್ಚರಿಕೆಯ ಮಾತು. ಬೋಲ್ಸ್ ಬಗ್ಗೆ ಬರೆಯುವವರೆಲ್ಲ 1588ರಲ್ಲಿ ಸ್ಪ್ಯಾನಿಷ್ ನೌಕಾಪಡೆ ಕಾಣಿಸಿಕೊಂಡಾಗ ಇಂಗ್ಲಿಷ್ ನೌಕಾನಾಯಕ ಫ್ರಾನ್ಸಿಸ್ ಡ್ರೇಕ್ ಪ್ಲಿಮತ್‌ನಲ್ಲಿ ಆಟ ಮುಗಿಸಿಯೇ ಹೊರಟನೆಂಬ ಕಥೆಯನ್ನು ತಪ್ಪದೆ ಸೇರಿಸುತ್ತಾರೆ. ಘಟನೆ ನಡೆದ ಕಾಲದ ವರದಿಗಳಲ್ಲಿ ಆ ಮಾತು ಇಲ್ಲ, ತರುವಾಯ ಬೆಳೆದದ್ದು. ಅಲ್ಲದೆ ಅದು ಬೇರೆ ಊರಿನ ಕಥೆ. ದಯವಿಟ್ಟು ಬಿಡಿ.

ತುಂಗಾತೀರ:

ಮೂವರಿಗೂ ಕೃತಜ್ಞತೆಗಳು. ಇಷ್ಟು ದೊರೆಯುತ್ತದೆಂದು ನಿರೀಕ್ಷಿಸಿರಲಿಲ್ಲ. ನಮ್ಮ ತಂದೆಯವರಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. 'ಯಜಮಾನರ ಹಿತ್ತಲು' ಅವರಿಗೆ ಬಹಳ ಹಿಡಿಸಿತು. ಅವರದು ಇನ್ನೊಂದು ಸಂದೇಹ: ಯಂತ್ರಗಳಿಲ್ಲದ ಕಾಲದಲ್ಲಿ ಹುಲ್ಲನ್ನು ಅಷ್ಟು ಸಮನಾಗಿ ಕತ್ತರಿಸುತ್ತಿದ್ದದ್ದು ಹೇಗೆ? ನನ್ನದು ಮತ್ತೊಂದು: ಓದುವವರು ಕನ್ನಡಿಗರು ಆದ್ದರಿಂದ ಭಾರತದ ಪ್ರಸ್ತಾಪ ಎಲ್ಲಾದರೂ ಬಂದರೆ ಚೆನ್ನ. ಒತ್ತಾಯದಿಂದ ಸೇರಿಸುವ ಇಷ್ಟವಿಲ್ಲ.

ಓರೆಗುಂಡು:

ಹುಲ್ಲಿನ ಪ್ರಶ್ನೆ ಬಹಳ ಒಳ್ಳೆಯದು. ಏಕೆಂದರೆ ಈ ಆಟ ಇಂದಿನ ರೂಪಕ್ಕೆ ಬಂದದ್ದರಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಾಲು ದೊಡ್ಡದು. 1830ರ ತನಕ ಉದ್ದ ಹಿಡಿಯ ಕುಡುಗೋಲನ್ನು ಬೀಸುವ ಆಳುಗಳು ಮತ್ತು ಮೇಯಲು ಬಿಟ್ಟ ಕುರಿಗಳು, ಇಷ್ಟೇ ಉಪಾಯ. ಕುಡುಗೋಲಿನವರು ಹುಲ್ಲಿನ ಮೇಲೆ ಇಬ್ಬನಿ ಆರುವ ಮುನ್ನ, ಬೆಳಗಿನ ಜಾವದಲ್ಲೇ ಕೊಯ್ಯುತ್ತಿದ್ದರು. ಒಣಗಿದ ಹುಲ್ಲು ಅಲಗಿಗೆ ಸಿಗದೆ ಬಾಗುತ್ತದೆ. ಆ ವರ್ಷ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸಲು ಗಿರಣಿಗಳಲ್ಲಿ ಬಳಸುತ್ತಿದ್ದ ಯಂತ್ರವನ್ನು ನೋಡಿ, ಅದೇ ತತ್ತ್ವದ ಮೇಲೆ ಹುಲ್ಲು ಕತ್ತರಿಸುವ ಯಂತ್ರ ರೂಪಿಸಿದನು. ಅಂಗಳ ಸಮನಾದಾಗ ಗುಂಡಿನ ವಾಲು ನಂಬಿಕೆಗೆ ಅರ್ಹವಾಯಿತು. ಒಂದು ಊರಿನವರು ಇನ್ನೊಂದು ಊರಿಗೆ ಹೋಗಿ ಆಡಿದರೂ ಲೆಕ್ಕ ತಪ್ಪದಂತಾಯಿತು. ಆಗ ಸಮಾನ ನಿಯಮಗಳ ಅಗತ್ಯ ಬಿತ್ತು. 1848-49ರಲ್ಲಿ ಗ್ಲಾಸ್ಗೋದ ಡಬ್ಲ್ಯು. ಡಬ್ಲ್ಯು. ಮಿಚೆಲ್ ಸ್ಕಾಟ್ಲೆಂಡಿನ ಕ್ಲಬ್ಬುಗಳಿಗಾಗಿ ನಿಯಮಾವಳಿ ಸಿದ್ಧಪಡಿಸಿದನು. ಇಂದಿನ ನಿಯಮಗಳ ಬುಡ ಅದೇ. ಇಂಗ್ಲೆಂಡಿನವರಿಗೆ ತಮ್ಮದೇ ಸಂಘಟನೆ ಬೇಕೆನಿಸಿದ್ದು 1903ರಲ್ಲಿ. ಅದರ ಮೊದಲ ಅಧ್ಯಕ್ಷರು ಬೇರಾರೂ ಅಲ್ಲ, ಉದ್ದ ಗಡ್ಡದ ಕ್ರಿಕೆಟಿಗ ಡಬ್ಲ್ಯು. ಜಿ. ಗ್ರೇಸ್.

ಇದರಿಂದ ನಿಮ್ಮ ಕ್ಲಬ್ಬಿನ ವೈಚಿತ್ರ್ಯ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿನ ನೈಟ್‌ಹುಡ್ ಸ್ಪರ್ಧೆ ಗ್ಲಾಸ್ಗೋ ನಿಯಮಾವಳಿಗಿಂತ 70 ವರ್ಷಕ್ಕೂ ಹೆಚ್ಚು ಹಳೆಯದು. ಆದ್ದರಿಂದಲೇ ಅದು ಆಡುವ ರೀತಿ ಬೇರೆ ಯಾವ ಪಂದ್ಯವನ್ನೂ ಹೋಲುವುದಿಲ್ಲ.

ಕರಾವಳಿಗ:

ಭಾರತದ ಪ್ರಸ್ತಾಪಕ್ಕೆ ಒತ್ತಾಯ ಬೇಕಾಗಿಲ್ಲ. ಲಾನ್ ಬೋಲ್ಸ್ 1930ರ ಮೊದಲ ಕೂಟದಿಂದಲೂ, 1966ರ ಕಿಂಗ್‌ಸ್ಟನ್ ಕೂಟವೊಂದನ್ನು ಬಿಟ್ಟು, ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಡೆದುಬಂದಿತ್ತು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಆ ಪಂದ್ಯಗಳು ಲೆಮಿಂಗ್ಟನ್ ಸ್ಪಾ ಎಂಬ ಊರಿನ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದವು. ಅಲ್ಲಿ ಆಗಸ್ಟ್ 2ರಂದು ಲವ್ಲಿ ಚೌಬೆ, ಪಿಂಕಿ, ನಯನಮೋನಿ ಸೈಕಿಯಾ ಮತ್ತು ರೂಪಾ ರಾಣಿ ತಿರ್ಕಿ ಅವರ ತಂಡ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದಿತು. ಈ ಆಟದಲ್ಲಿ ಭಾರತಕ್ಕೆ ಅದು ಮೊಟ್ಟಮೊದಲ ಪದಕ. ಕೆಲವೇ ದಿನಗಳಲ್ಲಿ ಪುರುಷರ ನಾಲ್ವರ ತಂಡಕ್ಕೆ ಬೆಳ್ಳಿಯೂ ಬಂತು. ಆ ನಾಲ್ವರು ಹೆಂಗಸರು ಬಂದದ್ದು ಜಾರ್ಖಂಡ್, ಅಸ್ಸಾಂ ಮತ್ತು ದೆಹಲಿಗಳಿಂದ. ಕರ್ನಾಟಕದವರು ಯಾರೂ ಇರಲಿಲ್ಲವೆಂಬುದನ್ನು ಮುಚ್ಚಿಡದೆ ಬರೆಯಿರಿ.

ತುಂಗಾತೀರ:

ಲೇಖನದ ಆರಂಭದ ಸಾಲುಗಳನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ಸೌತಾಂಪ್ಟನ್ನಿನ ಹಳೆಯ ಬೋಲಿಂಗ್ ಗ್ರೀನ್ ಕ್ಲಬ್ 1299ರಲ್ಲಿ ಒಂದು ಧರ್ಮಛತ್ರದ ಹಿತ್ತಲಿನಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಅದರ ನೈಟ್‌ಹುಡ್ ಸ್ಪರ್ಧೆ 1776ರಿಂದ ನಡೆದುಬಂದಿದೆ."

ಹಳೆಕಡತ:

ಎರಡನೆಯ ವಾಕ್ಯ ಸರಿಯಾಗಿದೆ. ಮೊದಲನೆಯದರಲ್ಲಿ 'ಕ್ಲಬ್' ಎಂಬ ಪದವನ್ನು ತೆಗೆದು 'ಆರಂಭವಾಯಿತೆಂದು' ಎಂಬುದನ್ನು 'ಬಳಕೆಗೆ ಬಂದಿತೆಂದು' ಎಂದು ಮಾಡಿ. 1299ಕ್ಕೆ ಹೇಳಿಕೊಳ್ಳುತ್ತಿರುವುದು ಅಂಗಳದ ವಯಸ್ಸನ್ನು. ಚಂದಾ ಕಟ್ಟಿ, ಸಭೆ ಸೇರಿ, ಲೆಕ್ಕಪತ್ರ ಇಡುವ ಸದಸ್ಯರ ಕ್ಲಬ್ ಎಂಬ ಕಲ್ಪನೆಯೇ ಆ ಕಾಲದ್ದಲ್ಲ. 'ಹೇಳುತ್ತಾರೆ' ಎಂಬ ಪದವನ್ನು ಮಾತ್ರ ಯಾರು ಎಷ್ಟು ಒತ್ತಾಯಿಸಿದರೂ ತೆಗೆಯಬೇಡಿ. ತಮ್ಮ ತಂದೆಯವರು ದಾಖಲೆ ಕೇಳಿದಾಗ ತೋರಿಸಲು ಸದ್ಯಕ್ಕೆ ಇರುವುದು ಅದೊಂದೇ.

ತುಂಗಾತೀರ:

ತಿದ್ದಿಕೊಂಡೆ. ತಂದೆಯವರು ಬರುವ ಆಗಸ್ಟ್‌ಗೆ ಟಿಕೆಟ್ ಮಾಡಿಸಲು ಹೇಳಿದ್ದಾರೆ. ನಾಣ್ಯದ ಮೇಲೆ ಗುಂಡು ನಿಲ್ಲಿಸುವುದನ್ನು ಕಣ್ಣಾರೆ ನೋಡಬೇಕಂತೆ.